ಕ್ಯಾಸೆಟ್ಟಿನ ಎರಡು ಕಡೆ

ಆಗ ನ್ಯಾಮತಿ ಇನ್ನೂ ತಾಲ್ಲೂಕು ಆಗಿರಲಿಲ್ಲ. ಹೊನ್ನಾಳಿಗೆ ಸೇರಿದ ಒಂದು ಊರು, ಅಷ್ಟೆ. ಬಸ್ಸು ನಿಲ್ಲುವ ಜಾಗದ ಎದುರಿಗೆ ಷಣ್ಮುಖಪ್ಪನ ಹೋಟ್ಲು. ಎಂಬತ್ಮೂರನೇ ಇಸವಿಯಲ್ಲಿ ಷಣ್ಮುಖಪ್ಪ ಶಿವಮೊಗ್ಗಕ್ಕೆ ಹೋಗಿ ಒಂದು ಟೇಪ್‌ರೆಕಾರ್ಡರು ತಂದು ಗಲ್ಲಾಪೆಟ್ಟಿಗೆ ಪಕ್ಕದಲ್ಲಿಟ್ಟ. ಅವತ್ತಿನಿಂದ ಸಂತೆ ದಿನ ಆ ಹೋಟ್ಲಿಗೆ ಮಂಡಕ್ಕಿ ಮೆಣಸಿನಕಾಯಿ ತಿನ್ನಲು ಬರುವವರಿಗಿಂತ ಪದ ಕೇಳಲು ಬರುವವರೇ ಹೆಚ್ಚಾದರು. ಕೇಳಿ ಸುಮ್ಮನೆ ಎದ್ದು ಹೋಗುವ ಮಂದಿ ಅವರಲ್ಲ. ಒಂದೊಂದು ಪದಕ್ಕೂ ತೀರ್ಪು ಕೊಟ್ಟೇ ಏಳುತ್ತಿದ್ದರು.

ಅವರಲ್ಲಿ ಮುಂದಾಳು ಇಬ್ಬರು. ಒಬ್ಬ ಜಗಳೂರು ಕಡೆಯ ಕಂಬಳಿ ವ್ಯಾಪಾರಿ ತಿಪ್ಪೇಶಪ್ಪ. ಬಸ್ಸಿನ ಮೇಲೆ ಕಂಬಳಿ ಹೊರೆ ಹಾಕಿಕೊಂಡು ಬಂದು, ಮಾರಿದಷ್ಟು ಮಾರಿ, ಮಧ್ಯಾಹ್ನ ಹೋಟ್ಲಿನ ಬೆಂಚು ಹಿಡಿಯುತ್ತಿದ್ದ. ಅವನಿಗೆ ತತ್ವಪದ ಬಿಟ್ಟರೆ ಬೇರೆಯದು ಪದವೇ ಅಲ್ಲ. ಇನ್ನೊಬ್ಬ ಬಸವಾಪಟ್ಟಣದ ಬೆಲ್ಲದ ವ್ಯಾಪಾರಿ ದೊಡ್ಡಣ್ಣ. ಅವನಿಗೆ ಗೀಗಿ, ಲಾವಣಿ, ಸವಾಲು ಜವಾಬು ಇಂಥವೇ ಬೇಕು.

"ಪದ ಅಂದ್ರೆ ಒಳಗಿನ ಜೀವ ಮಾತಾಡ್ಬೇಕು ಕಣೋ ದೊಡ್ಡಣ್ಣ. ನಿನ್ನ ಗೀಗಿಯೋರ್ದು ಬರೀ ನಾಲಿಗೆ ಮಾತಾಡ್ತೈತೆ," ಅನ್ನುತ್ತಿದ್ದ ತಿಪ್ಪೇಶಪ್ಪ.

"ನಿನ್ನ ಜೀವ ಬಾಯಿ ಬಿಡೋ ಹೊತ್ತಿಗೆ ಕೇಳೋನ ಜೀವ ಹೋಗಿರ್ತೈತೆ. ಮಾತು ಅಂದ್ರೆ ಚೀಲ ಹರಿದು ಜೋಳ ಸುರಿದಂಗೆ ಸುರೀಬೇಕಪ್ಪ. ಹೆಕ್ಕಿಕೊಳ್ಳಾಕೆ ಆಗ್ಬಾರ್ದು," ಅನ್ನುತ್ತಿದ್ದ ದೊಡ್ಡಣ್ಣ.

ಇದನ್ನೆಲ್ಲ ಕೇಳುತ್ತ ಹೋಟ್ಲಿನ ಹೊರಗೆ, ಕಿಟಕಿ ಕೆಳಗಿನ ಚಪ್ಪಡಿ ಕಲ್ಲಿನ ಮೇಲೆ ಒಬ್ಬ ಕೂತಿರುತ್ತಿದ್ದ. ಅವನ ಹೆಸರು ಪಾಪಣ್ಣ. ಹೊಳೆಸಾಲಿನ ಹಳ್ಳಿಯೊಂದರ ಕೇರಿಯವನು. ತೊಗಲಿನಲ್ಲಿ ಎತ್ತಿನ ಮಿಣಿ, ಬಾರುಕೋಲು ಮಾಡಿ ತಂದು ಸಂತೆಯಲ್ಲಿ ಮಾರುತ್ತಿದ್ದ. ಅವನ ಜನ ಹೋಟ್ಲಿನ ಒಳಗೆ ಹೋಗುವಂತಿರಲಿಲ್ಲ. ಹೊರಗೋಡೆಯ ಗೂಡಿನಲ್ಲಿ ಅವರಿಗೆಂದೇ ಎರಡು ಲೋಟ ಇದ್ದವು. ತಾನೇ ತೊಳೆದುಕೊಂಡು ಹಿಡಿಯಬೇಕು, ಒಳಗಿನವರು ಮೇಲಿಂದ ಚಹಾ ಹುಯ್ಯಬೇಕು. ಅದಕ್ಕೆ ಪಾಪಣ್ಣ ಯಾವತ್ತೂ ಮುಖ ಸಣ್ಣ ಮಾಡಿದವನಲ್ಲ. ಅವನು ಬರುತ್ತಿದ್ದುದು ಚಹಾಕ್ಕಲ್ಲ. ಆ ಮಿಷನ್ನಿನಲ್ಲಿ ಅವನ ಹೆಂಡತಿ ಅಂಜಮ್ಮ ಹಾಡುತ್ತಿದ್ದಳು. ಎಂಬತ್ತೈದರ ಬೇಸಿಗೆಗೆ ಅಂಜಮ್ಮ ಸತ್ತು ಹದಿನಾಲ್ಕು ತಿಂಗಳಾಗಿತ್ತು.

ಅದು ಹೆಂಗಾಯಿತೆಂದರೆ, ಅವಳು ಬದುಕಿದ್ದಾಗ ಶಿವಮೊಗ್ಗದ ಒಬ್ಬ ಮೇಷ್ಟ್ರು ಹಳ್ಳಿ ಪದ ಕೂಡಿಸುತ್ತೇನೆಂದು ಮಿಷನ್ನು ಹೆಗಲಿಗೆ ಹಾಕಿಕೊಂಡು ಕೇರಿಗೆ ಬಂದಿದ್ದರು. ಅಂಜಮ್ಮ ಕ್ಯಾಸೆಟ್ಟಿನ ಒಂದು ಕಡೆಗೆ ಅಜ್ಜಿಯಿಂದ ಕಲಿತ ತತ್ವಪದ ಹಾಡಿದಳು. "ತುಂಬಿದ ಕೊಡವ ಇಳಿಸೋರ್ಯಾರೋ ಗುರುವೇ, ಹೊತ್ತ ತಲೆಯೇ ಬಯಲಾಯ್ತೋ" ಅಂತ. ಇನ್ನೊಂದು ಕಡೆಗೆ ಭತ್ತದ ನಾಟಿಯಲ್ಲಿ ಎದುರು ಸಾಲಿನ ಹೆಂಗಸರ ಮೇಲೆ ಎಸೆಯುವ ಜಿದ್ದಿನ ಪದ. ಜವಾಬು ಕೊಡಬೇಕಾದ ಕೆಂಪಕ್ಕ ಮಿಷನ್ನು ಕಂಡು ಹೆದರಿ ಒಳಗೆ ಹೋಗಿದ್ದಕ್ಕೆ ಸವಾಲೂ ಅಂಜಮ್ಮನೇ, ಜವಾಬೂ ಅಂಜಮ್ಮನೇ. ಗದ್ದೆಯಲ್ಲಿ ಆ ದಂಡೆಗೆ ಕೇಳಿಸುವಂಥ ಒರಟು ಗಂಟಲು ತೆಗೆದು, ತೊಡೆ ಬಡಿಯುತ್ತ, ಉಸಿರು ಬಿಡದೆ,

"ಸಾಲು ಹಿಡಿಯಾಕೆ ಬರದೋಳು ಸೊಲ್ಲು ಹಿಡಿದಾಳೇನೆ, ಕೆಸರಿಗೆ ಹೆದರೋಳು ಹೆಸರಿಗೆ ಬಂದಾಳೇನೆ," ಎಂದು ಶುರು ಮಾಡಿದರೆ ಕಾಲು ಗಂಟೆ ನಿಲ್ಲಲಿಲ್ಲ.

ಮೇಷ್ಟ್ರು ಮುಂದಿನ ಸಲ ಬಂದಾಗ ಅದರದೊಂದು ಪ್ರತಿ ಷಣ್ಮುಖಪ್ಪನಿಗೆ ಕೊಟ್ಟು ಬಸ್ಸು ಹತ್ತಿದರು. ಯಾರ ಹಾಡು ಅಂತ ಅವರು ಹೇಳಲಿಲ್ಲ, ಇವನು ಕೇಳಲಿಲ್ಲ. ಪಾಪಣ್ಣನಿಗೆ ಕೊಟ್ಟಿದ್ದರೂ ಹಾಕಿ ಕೇಳಲು ಕೇರಿಯಲ್ಲಿ ಮಿಷನ್ನು ಎಲ್ಲಿತ್ತು?

ಮಾರನೇ ವರ್ಷ ಅಂಜಮ್ಮ ಕಾಮಾಲೆ ಆಗಿ ಎಂಟು ದಿನದಲ್ಲಿ ಹೋದಳು. ಮೂರು ತಿಂಗಳ ಮೇಲೆ ಪಾಪಣ್ಣ ಮಿಣಿ ಹೊರೆ ಹೊತ್ತು ಸಂತೆಗೆ ಬಂದವನು ಹೋಟ್ಲಿನ ಮುಂದೆ ಹಾಯುವಾಗ ಒಳಗಿಂದ ಅವಳ ಗಂಟಲು ಬಂತು. ಹೊರೆ ಇಳಿಸಲು ಮರೆತು ಹಂಗೇ ನಿಂತುಬಿಟ್ಟ.

ಆಮೇಲೆ ಒಂದು ಸಂತೆಯೂ ತಪ್ಪಿಸಲಿಲ್ಲ. ಒಳಗಿನವರು ಇಬ್ಬರು ಹೆಂಗಸರು ಹಾಡಿದ್ದಾರೆಂದು ತಿಳಿದಿದ್ದರು. ತತ್ವಪದದವಳು ಯಾವುದೋ ಮಠದ ತಾಯಿ ಎಂದು ತಿಪ್ಪೇಶಪ್ಪ ಎಂದೋ ತೀರ್ಮಾನ ಮಾಡಿದ್ದ. ಆ ಪದ ಬಂದರೆ ಕಣ್ಣು ಮುಚ್ಚಿ ಕೈ ಮುಗಿಯುತ್ತಿದ್ದ.

"ಎರಡನೇ ನುಡೀಲಿ ಉಸಿರು ಎಳಕೊಂತಾರೆ ಕೇಳ್ರಿ. ಆ ಉಸಿರಿನಾಗೇ ಎಲ್ಲಾ ಐತೆ. ಇದು ಮಠದ ಪ್ರಸಾದ ಉಂಡು ಬೆಳೆದ ಗಂಟಲು," ಅನ್ನುತ್ತಿದ್ದ.

ಹೊರಗೆ ಕೂತ ಪಾಪಣ್ಣನಿಗೆ ಒಳಗೊಳಗೇ ನಗು. ಅಂಜಮ್ಮ ಉಂಡು ಬೆಳೆದದ್ದು ಏನು ಅಂತ ಅವನಿಗೆ ಗೊತ್ತು. ಆದರೆ ಬಾಯಿ ಬಿಡಲಿಲ್ಲ. ಹೆಸರು ಹೇಳಿದ ದಿನ ಈ ಪದ ಇಲ್ಲಿ ಹಾಕುವುದು ನಿಲ್ಲುತ್ತದೆ ಅಂತ ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಎಂಬತ್ತೈದರ ಬೇಸಿಗೆಯ ಒಂದು ಸಂತೆ ದಿನ ದೊಡ್ಡಣ್ಣ ಚನ್ನಗಿರಿಯಿಂದ ಇನ್ನೊಂದು ಟೇಪ್‌ರೆಕಾರ್ಡರು ಕಂಕುಳಲ್ಲಿ ಇಟ್ಟುಕೊಂಡು ಬಂದ. ಅವನ ಅಳಿಯ ಯಾವುದೋ ಗೀಗಿ ಮೇಳದ ಪದ ಹಿಡಿದಿದ್ದನಂತೆ.

"ಕೇಳಿದ್ರೆ ಕಿವೀಲಿ ಕಿಡಿ ಹಾರ್ತಾವೆ. ಎರಡೂ ಮಿಷನ್ನು ಎದುರುಬದುರು ಇಟ್ಟು ಇದಕ್ಕೆ ಇಳಿಸ್ಕೊಳ್ಳಾನ. ಷಣ್ಮುಖಪ್ಪ, ಖಾಲಿ ಕ್ಯಾಸೆಟ್ಟು ತೆಗಿ."

"ಖಾಲಿದು ಎಲ್ಲೈತೋ ಮಾರಾಯ. ಇರೋವೇ ಆರು."

ತಿಪ್ಪೇಶಪ್ಪ ಕೂತಲ್ಲಿಂದಲೇ ಹೇಳಿದ, "ನಮ್ಮ ಮಠದಮ್ಮನ ಕ್ಯಾಸೆಟ್ಟಿನ ಹಿಂದ್ಲ ಕಡೆ ಅಳಿಸಿ ಹಾಕ್ರಿ. ಅಂಥಾ ತಾಯಿ ಬೆನ್ನಿಗೆ ಆ ಗದ್ದೆ ಬಾಯಿಬಡುಕೀನ ಕಟ್ಟಿದಾರಲ್ಲ, ನಂಗೆ ವಾರ ವಾರ ಹೊಟ್ಟೆ ಉರೀತೈತೆ."

ದೊಡ್ಡಣ್ಣ ಗದ್ದೆ ಪದದ ಕಡೆಯವನು. ಅವನು ಬೇಡ ಅನ್ನುತ್ತಾನೆಂದು ಪಾಪಣ್ಣ ಕಿವಿಯಿಟ್ಟು ಕೂತ. ದೊಡ್ಡಣ್ಣ ತಲೆ ಕೆರೆದುಕೊಂಡ.

"ಜೋರು ಹೆಂಗ್ಸು ಬಿಡು, ಏನು ಬೈತಾಳೆ! ಆದ್ರೆ ಮೂವತ್ತು ಸಲ ಕೇಳಿದೀನಿ, ಮುಂದಿಂದು ಏನು ಅಂತ ಮೊದ್ಲೇ ಗೊತ್ತಾಗಿ ಹೋಗ್ತೈತೆ. ಅಳಿಸು ಷಣ್ಮುಖಪ್ಪ. ಹೊಸದು ಬರ್ಲಿ."

ಯಾವತ್ತೂ ಒಂದು ಮಾತಿಗೆ ಬಾರದ ಇಬ್ಬರೂ ಅವತ್ತು ಒಂದಾದರು. ಷಣ್ಮುಖಪ್ಪ ಕ್ಯಾಸೆಟ್ಟು ತೆಗೆದು ತಿರುವಿ ಹಾಕಿದ. ದೊಡ್ಡಣ್ಣನ ಕೈ ಕೆಂಪು ಗುಂಡಿಯ ಮೇಲೆ ಹೋಯಿತು.

"ಯಜಮಾನ್ರೇ, ತಡೀರಿ," ಅಂದ ಪಾಪಣ್ಣ. ಎದ್ದು ಕಿಟಕಿ ಸರಳು ಹಿಡಿದಿದ್ದ.

"ಏನ್ಲಾ ಪಾಪ, ಚಹಾ ಬೇಕಾ? ಇರು," ಅಂದ ಷಣ್ಮುಖಪ್ಪ.

"ಚಹಾ ಅಲ್ರಿ. ಅದು ಅಳಿಸಬ್ಯಾಡ್ರಿ. ಅದು ನಮ್ಮಾಕಿ ಹಾಡಿದ್ದು."

ಒಳಗೆ ನಗೆ ಎದ್ದಿತು. ದೊಡ್ಡಣ್ಣ, "ನಿನ್ನ ಹೇಣ್ತೀನಾ? ಹಂಗಾದ್ರೆ ನಿನ್ನ ಕಿವಿ ಗಟ್ಟಿ ಕಣೋ, ಇಷ್ಟು ವರ್ಷ ಹೆಂಗೆ ತಡಕೊಂಡೆ?" ಅಂದ. ಆ ನಗೆಯಲ್ಲಿ ಕೆಡುಕಿರಲಿಲ್ಲ. ಅಲ್ಲಿಗೇ ಬಿಟ್ಟಿದ್ದರೆ ಗದ್ದೆ ಪದ ಉಳಿಯುತ್ತಿತ್ತೇನೋ. ತಿಪ್ಪೇಶಪ್ಪ ಬಿಡಲಿಲ್ಲ.

"ಕೇರಿಯೋಳು ಅಂತ ನಾನು ಅವತ್ತೇ ಹೇಳಿರ್ಲಿಲ್ವಾ? ಅಳಿಸ್ರಿ ಮತ್ತೆ. ಆ ತಾಯಿ ಪದದ ಜೊತೆ ಇದೆಂಗೆ ಇರ್ತೈತೆ?"

ಪಾಪಣ್ಣನಿಗೆ ಏನಾಯಿತೋ, ಮಾತು ತಾನೇ ಹೊರಗೆ ಬಿತ್ತು. "ಎರಡೂ ಆಕೇನೇರಿ ಸ್ವಾಮಿ. ಮುಂದ್ಲ ಕಡೇನೂ ಆಕೇನೇ. ಅಂಜಮ್ಮ ಅಂತ."

ತಿಪ್ಪೇಶಪ್ಪನ ಮುಖ ಕೆಂಪಾಯಿತು. "ಬಾಯಿ ಸಣ್ಣದು ಮಾಡು. ಎಲ್ಲಿ ಏನು ಆಡಬೇಕು ಅಂತ ತಿಳ್ಕೋ."

"ಸುಳ್ಳಾದ್ರೆ ಈ ಕಲ್ಲಿನ ಮೇಲೆ ಇನ್ನು ಕೂರಲ್ಲ. ಆ ಪದ ಮುಗಿದ ಮೇಲೆ ಒಬ್ಬ ಗಂಡಸು ಮಾತಾಡ್ತಾನಲ್ರಿ, ಅವನು ಯಾರು ಹೇಳ್ರಿ?"

ಪದದ ಕೊನೆಯಲ್ಲಿ ಒಂದು ಕೆಮ್ಮು, ಆಮೇಲೆ ದೂರದಿಂದ ಗಂಡಸಿನ ದನಿಯಲ್ಲಿ ಬಿಡಿಸಿ ಕೇಳದ ಒಂದು ಮಾತು ಇದ್ದದ್ದು ಎಲ್ಲರಿಗೂ ಗೊತ್ತು. ಮಠದ ಶಿಷ್ಯನಿರಬೇಕು ಅಂದುಕೊಂಡಿದ್ದರು. ದೊಡ್ಡಣ್ಣನಿಗೆ ಮೋಜು ಹತ್ತಿತು. "ಹಾಕು ಷಣ್ಮುಖಪ್ಪ, ನೋಡೇಬಿಡಾನ," ಅಂದ.

ಕ್ಯಾಸೆಟ್ಟು ತಿರುವಿ, ಕೊನೆಗೆ ಓಡಿಸಿ ಹಾಕಿದರು. "ಹೊತ್ತ ತಲೆಯೇ ಬಯಲಾಯ್ತೋ" ಅಂತ ಅಂಜಮ್ಮ ಎಳೆದು ನಿಲ್ಲಿಸಿದಳು. ಕೆಮ್ಮಿದಳು. ಮಿಷನ್ನಿನ ಒಳಗಿಂದ ಗಂಡಸು, ಕಿಟಕಿಯ ಹೊರಗಿಂದ ಪಾಪಣ್ಣ, ಇಬ್ಬರೂ ಒಂದೇ ದನಿಯಲ್ಲಿ ಅಂದರು:

"ಸಾಕು ಬಿಡೇ ಅಂಜಿ, ನೀರು ಕುಡಿ."

ದೊಡ್ಡಣ್ಣ ಮೊದಲು ತಿಪ್ಪೇಶಪ್ಪನ ಮುಖ ನೋಡಿದ, ಆಮೇಲೆ ತೊಡೆ ತಟ್ಟಿ ನಗಲು ಶುರು ಮಾಡಿದ.

"ಏನಪ್ಪಾ ಕಂಬಳಿ, ವಾರ ವಾರ ಕಣ್ಣು ಮುಚ್ಚಿ ಕೈ ಮುಗೀತಿದ್ಯಲ್ಲ, ಯಾರಿಗೆ ಅಂತ ಗೊತ್ತಾಯ್ತಾ? ಪ್ರಸಾದ ಉಂಡ ಗಂಟಲಂತೆ!"

ಬೆಂಚಿನ ಮೇಲಿದ್ದವರೆಲ್ಲ ನಕ್ಕರು. ತಿಪ್ಪೇಶಪ್ಪ ಕೆಟ್ಟವನಲ್ಲ. ಚಳಿಗಾಲದಲ್ಲಿ ಪಾಪಣ್ಣನಿಗೆ ಒಂದು ಹಳೇ ಕಂಬಳಿ ಕೊಟ್ಟವನು. ಆ ಪದಕ್ಕೆ ಅವನು ಸುರಿಸಿದ ಕಣ್ಣೀರೂ ಸುಳ್ಳಲ್ಲ. ಆದರೆ ಹತ್ತು ಜನರ ನಗು ಅವನ ಮೇಲೆ ಬಿದ್ದಾಗ ಅದನ್ನು ಎಲ್ಲಾದರೂ ಇಳಿಸಲೇಬೇಕಾಗಿತ್ತು.

"ನಂಗೆ ಮೊದ್ಲಿಂದ್ಲೂ ಅನುಮಾನ ಇತ್ತು," ಅಂದ. "ಎರಡನೇ ನುಡೀಲಿ ಉಸಿರು ಎಳಕೊಂತಾಳಲ್ಲ, ಕೂಲಿ ಮಾಡೋರ ಉಸಿರು ಅದು. ತತ್ವ ತಿಳಿದು ಹಾಡೋರು ಅಲ್ಲಿ ನಿಲ್ಲಲ್ಲ. ಯಾರ್ದೋ ಮನೆ ಹಿತ್ತಲಲ್ಲಿ ನಿಂತು ಕೇಳಿ ಕಲ್ತಿದ್ದು. ಅರ್ಥ ಗೊತ್ತಿಲ್ಲ, ಗಿಣಿಪಾಠ."

"ಹೌದೌದು," ಅಂದ ಇನ್ಯಾರೋ. "ನಂಗೂ ಸ್ವಲ್ಪ ಗೊಗ್ಗರು ಅನಿಸ್ತಿತ್ತು."

ಪಾಪಣ್ಣ ಸರಳು ಹಿಡಿದೇ ನಿಂತಿದ್ದ. ವರ್ಷಗಟ್ಟಲೆ ಹೊಗಳಿದ ಪದ ಒಂದು ಚಹಾ ಆರುವುದರೊಳಗೆ ಗೊಗ್ಗರಾಯಿತು. ಆಕೆ ಅರ್ಥ ಬಿಡಿಸಿ ಹೇಳುತ್ತಿದ್ದುದು, ಅಜ್ಜಿ ಆಕೆಯನ್ನು ಎದುರಿಗೆ ಕೂರಿಸಿಕೊಂಡು ಕಲಿಸಿದ್ದು, ಎಲ್ಲ ಬಾಯಿಗೆ ಬಂತು. ಹೇಳಲಿಲ್ಲ. ಹೇಳಿದರೆ ಅದಕ್ಕೂ ಒಂದು ತೀರ್ಪು ಬರುತ್ತಿತ್ತು.

"ಷಣ್ಮುಖಪ್ಪ, ಇದು ಇಲ್ಲಿ ಬ್ಯಾಡ. ಅವನಿಗೇ ಕೊಟ್ಟುಬಿಡು," ಅಂದ ತಿಪ್ಪೇಶಪ್ಪ.

ಷಣ್ಮುಖಪ್ಪ ವ್ಯಾಪಾರಸ್ಥ. ಬೆಂಚಿನ ಮೇಲಿನ ಮುಖಗಳನ್ನು ಒಂದು ಸುತ್ತು ನೋಡಿ ಕ್ಯಾಸೆಟ್ಟು ತೆಗೆದ.

"ಇಲ್ಲೇ ಇರ್ಲಿ ಯಜಮಾನ್ರೆ," ಅಂದ ಪಾಪಣ್ಣ. "ನನ್ನತ್ರ ಮಿಷನ್ನು ಇಲ್ರಿ. ವಾರಕ್ಕೊಂದು ಸಲ ಹಾಕ್ರಿ, ಸಾಕು. ನಾನು ಏನೂ ಅಂದಿಲ್ಲ ಅನ್ಕೊಳ್ರಿ."

"ಆಡಿದ ಮೇಲೆ ಆಡಿಲ್ಲ ಅಂದ್ರೆ ಹೆಂಗೋ ಪಾಪ? ನಿಂದು, ನೀನೇ ಇಟ್ಕೋ. ಹಿಡಿ."

ಪಾಪಣ್ಣ ಟವೆಲ್ಲು ಒಡ್ಡಿದ. ಷಣ್ಮುಖಪ್ಪ ಒಂದು ಗೇಣು ಮೇಲಿಂದ ಕ್ಯಾಸೆಟ್ಟು ಬಿಟ್ಟ. ಒಳಗೆ ದೊಡ್ಡಣ್ಣ ಗೀಗಿ ಪದ ಹಚ್ಚಿದ. "ಕೇಳ್ರಿ, ಈಗ ಕೇಳ್ರಿ!" ಎಂದು ಅವನು ಕೂಗುವುದು ಸಂತೆಯ ಆ ಬದಿಗೂ ಕೇಳಿಸುತ್ತಿತ್ತು.

ನಾಲ್ಕು ತಿಂಗಳು ಆ ಕ್ಯಾಸೆಟ್ಟು ಪಾಪಣ್ಣನ ಟ್ರಂಕಿನಲ್ಲಿ, ಅಂಜಮ್ಮನ ಸೀರೆ ಮಡಿಕೆಯಲ್ಲಿ ಇತ್ತು. ತೆಗೆದು ನೋಡುತ್ತಿದ್ದ. ಕರೀ ಪಟ್ಟಿಯಲ್ಲಿ ಏನು ಕಾಣುತ್ತದೆ? ಪದದ ಮಾತು ಎಲ್ಲಾ ಅವನಿಗೆ ಬಾಯಿಪಾಠ. ಆದರೆ ಮನಸ್ಸಿನೊಳಗೆ ಬರುವಾಗ ಅವು ಅವನದೇ ದನಿಯಲ್ಲಿ ಬರತೊಡಗಿದವು. ಅವಳ ದನಿ ಹಿಡಿಯಲು ಹೋದರೆ ಜಾರುತ್ತಿತ್ತು. ಅದಕ್ಕೆ ಅವನು ಹೆದರಿದ. ಒಂದು ದಿನ ಕ್ಯಾಸೆಟ್ಟು ಟವೆಲ್ಲಿನಲ್ಲಿ ಕಟ್ಟಿಕೊಂಡು, ಒಗೆದ ಅಂಗಿ ತೊಟ್ಟು, ಹೊನ್ನಾಳಿಗೆ ಹೋದ. ಹೊನ್ನಾಳಿಯಲ್ಲಿ ಅವನ ಗುರುತು ಹಿಡಿಯುವವರು ಇರಲಿಲ್ಲ.

ರೇಡಿಯೋ ರಿಪೇರಿ ಅಂಗಡಿಯೊಂದರ ಮುಂದೆ ನಿಂತ. ಅಂಗಡಿಯವನು ಹರೆಯದವನು, ಕನ್ನಡಕದವನು. "ಬನ್ರಿ, ಕೂತ್ಕಳ್ರಿ," ಅಂದ. ಪಾಪಣ್ಣ ಸ್ಟೂಲಿನ ತುದಿಗೆ ಕೂತ.

ಕ್ಯಾಸೆಟ್ಟು ಹಾಕಿದ ಮೇಲೆ ಅಂಗಡಿಯವನು ಕೈಯಲ್ಲಿದ್ದ ಕೆಲಸ ಬಿಟ್ಟ. ರೇಡಿಯೋ ಒಯ್ಯಲು ಬಂದ ಇಬ್ಬರೂ ಅಲ್ಲೇ ನಿಂತರು. ಗದ್ದೆ ಪದಕ್ಕೆ ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಒಬ್ಬ, "ಏನು ಮಾತು ಕಟ್ತಾಳಪ್ಪ, ಉಸಿರೇ ಬಿಡಲ್ಲ ಹೆಣ್ಮಗಳು!" ಅಂದ. ತತ್ವಪದ ಮುಗಿಯುವ ತನಕ ಅಂಗಡಿಯವನು ಕನ್ನಡಕ ತೆಗೆದು ಕೈಯಲ್ಲಿ ಹಿಡಿದು ಕೂತ. ಪಾಪಣ್ಣ ತಲೆ ಬಗ್ಗಿಸಿ, ಅಂಗೈ ನೋಡುತ್ತ ಎರಡೂ ಕಡೆ ಪೂರಾ ಕೇಳಿದ.

"ಯಾರ್ರೀ ಇವ್ರು?" ಅಂತ ಅಂಗಡಿಯವನು ಕೇಳಿದ. "ಯಾವೂರು? ಯಾವ ಜನ?"

ಪಾಪಣ್ಣ ಸ್ಟೂಲಿನ ಮೇಲೆ ಸ್ವಲ್ಪ ಸರಿದು ಕೂತ. "ಗೊತ್ತಿಲ್ಲ ಸ್ವಾಮಿ. ಸಂತೇಲಿ ಬಿದ್ದಿತ್ತು."

"ಬಂಗಾರ ಸಿಕ್ಕೈತೆ ನಿಮಗೆ. ಇಲ್ಲೇ ಬಿಟ್ಟಿರ್ರಿ, ನಾನು ಜೋಪಾನ ಮಾಡ್ತೀನಿ. ಯಾವಾಗ ಬಂದ್ರೂ ಹಾಕ್ತೀನಿ, ಕೂತ್ಕೊಂಡು ಕೇಳ್ರಿ."

"ಆಗ್ಲಿ."

ಅಂಗಡಿಯವನು ಕ್ಯಾಸೆಟ್ಟಿಗೆ ಬಿಳೀ ಚೀಟಿ ಅಂಟಿಸಿ ಪೆನ್ನು ತೆಗೆದ. "ಏನಂತ ಬರೀಲಿ? ಈ ತತ್ವಪದದೋರು ಯಾವುದೋ ಮಠದ ತಾಯಿ ಇರ್ಬೇಕು, ಅಲ್ವಾ?"

ಪಾಪಣ್ಣ ಟವೆಲ್ಲು ಮಡಿಸಿ ಹೆಗಲಿಗೆ ಹಾಕಿಕೊಂಡ. "ಹಂಗೇ ಬರ್ಕಳ್ರಿ," ಅಂದ.

ಬರೆದ. ತಿರುವಿ ಇನ್ನೊಂದು ಚೀಟಿ ಅಂಟಿಸಿದ. "ಈ ಕಡೇದು? ಇದೂ ಅವ್ರೇನಾ?"

"ಅಲ್ರಿ ಸ್ವಾಮಿ," ಅಂದ ಪಾಪಣ್ಣ. "ಅದು ಬ್ಯಾರೆ ಹೆಂಗ್ಸು."