ಹಸಿರು ದೀಪ

ಶಮಾಗೆ ಮೊದಲು ಗಂಡನ ಮೇಲೇ ಅನುಮಾನ ಬಂತು. ಇಂಡಿ ಪಟ್ಟಣದ ಮನೆಯಲ್ಲೇ ಕುಳಿತು ಬೆಂಗಳೂರಿನ ಕಂಪನಿಗೆ ಸಾಫ್ಟ್‌ವೇರ್ ಬರೆಯುವ ಅವಳು, ಮಧ್ಯಾಹ್ನ ಲ್ಯಾಪ್‌ಟಾಪ್ ತೆರೆದಿಟ್ಟೇ ನಮಾಜಿಗೆ ಏಳುತ್ತಿದ್ದಳು. “ಮಧ್ಯಾಹ್ನವೂ ನಿಮ್ಮ ಹೆಸರಿನ ಮುಂದಿನ ಹಸಿರು ದೀಪ ಆರುವುದಿಲ್ಲ, ಭೇಷ್,” ಎಂದು ಮ್ಯಾನೇಜರ್ ಹೊಗಳಿದಾಗ ಅವಳು ಮೌಸನ್ನೇ ನೋಡಿದಳು. ಕೆಲಸದಲ್ಲಿದ್ದಾಳೆಂದು ಕಂಪನಿಗೆ ತೋರಿಸುವ ಆ ದೀಪ ಮೌಸ್ ಆಡದಿದ್ದರೆ ಉರಿಯದು. ಹಾಗಾದರೆ ಮುಟ್ಟಿದವರು ಯಾರು? ಗಂಡ ರಮಜಾನ ಕದ್ದು ತನ್ನ ಮೆಸೇಜು ಓದುತ್ತಿದ್ದಾನೆಯೆ? ಅಂದಿನಿಂದ ಅವನಿಗೆ ಮುಖ ಕೊಟ್ಟು ಮಾತಾಡಲಿಲ್ಲ.

ಇವತ್ತು ನಮಾಜಿಗೆಂದು ಎದ್ದವಳು ಬಾಗಿಲ ಮರೆಯಲ್ಲಿ ನಿಂತಳು. ಒಳಗೆ ಬಂದದ್ದು ಗಂಡನಲ್ಲ, ಅತ್ತೆ ಶಮ್ಶುನ್ನೀಸಾ. ರೊಟ್ಟಿಯ ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿ, ಪರದೆಯತ್ತ ನೋಡದೆಯೇ ಮೌಸನ್ನು ಅತ್ತಿತ್ತ ಆಡಿಸತೊಡಗಿದಳು.

“ಏನ್ ಮಾಡಾಕತ್ತೀರಿ?” ಶಮಾ ಸಿಡುಕಿದಳು.

“ದೀಪ ಆರಿದ್ರ ಕೇಳ್ತಾರ ಅಂತ ನೀನ ಫೋನಿನ್ಯಾಗ ಅಳತಿದ್ದೆಲ್ಲ.” ಅತ್ತೆ ಕೈ ನಿಲ್ಲಿಸಲಿಲ್ಲ. “ನಿಂಬಿಕಾಯಿ ಆರಿಸಿ ಬ್ಯಾರೆ ಮಾಡೋ ಶೆಡ್ಡಿನ್ಯಾಗ ನಾನೂ ದುಡದೇನಿ. ಕಾಯಿ ಮುಗದಿದ್ರೂ, ಕೆಲಸ ನೋಡ್ಕೊಳ್ಳೋ ಮುಕಾದಮ ಬಂದ್ರ ಸುಮ್ಮನ ಕೈ ಆಡಸ್ತಿದ್ವಿ. ಇಷ್ಟೆಲ್ಲ ಓದಿ ನೀನೂ ಅದ ಶೆಡ್ಡಿಗೆ ಬಂದೆಲ್ಲ, ಮಗಳ.”