ಮೂರನೇ ಸಾಲಿನ ಕೊನೆಯ ಮನೆ

ಆ ಬೆರಳು, ಮತ್ತೆ ಅಲ್ಲಿಗೇ, ಬೂದು ಪರದೆಯ ಬಲತುದಿಗೆ, ಟಕ್, ಟಕ್, ಒಂಬತ್ತು ವರ್ಷದ ಮಗಳು ಗುಬ್ಬಿಯ ಬೆರಳು, ಉಗುರು ಕತ್ತರಿಸಬೇಕಿತ್ತು, ಮರೆತಳು, ಎಲ್ಲ ಮರೆಯುತ್ತಾಳೆ ತಾಯಿ ಅನ್ನಿಸಿಕೊಂಡ ಇವಳು — ಟ್ಯಾಬಿನಲ್ಲಿ ಅದೊಂದೇ ಮಾತು ಕದಲದೆ ಕೂತಿದೆ, ಈ ಆ್ಯಪ್ ನಿಮ್ಮ ಸಾಧನಕ್ಕೆ ಹೊಂದುವುದಿಲ್ಲ, ನಿನ್ನೆವರೆಗೂ ಹೊಂದುತ್ತಿತ್ತಲ್ಲ, ದರಿದ್ರದ್ದೇ, ನಿನ್ನೆವರೆಗೂ ಸಾಲುಸಾಲು ಚೌಕದ ಮನೆಗಳಲ್ಲಿ ಕೂತ ಚಿತ್ರ ಮುಟ್ಟಿದರೆ ನೀರು ಬೇಕು, ಫ್ಯಾನ್ ಹಾಕು, ತಲೆ ನೋವು ಅಂತ ಮಾತಾಡುತ್ತಿತ್ತು, ಹೊಲಿಗೆ ಯಂತ್ರ ನಿಲ್ಲಿಸಿ ನಿಲ್ಲಿಸಿ ಇವಳೇ ಹೇಳಿ ತುಂಬಿಸಿದ ಮಾತು, ಹುಟ್ಟಿನಿಂದ ಮಾತಿಲ್ಲದ ಮಗಳಿಗೆ ಅದೇ ಬಾಯಿ. ಬೆಳಿಗ್ಗೆ ಅಪ್‌ಡೇಟ್ ಮಾಡಲೇ ಅಂತ ಕೇಳಿತು, ತುಟಿಯಲ್ಲಿ ಗುಂಡುಪಿನ್ನು ಕಚ್ಚಿಕೊಂಡೇ ಹೂಂ ಅಂತ ಒತ್ತಿದಳು, ಯಾರು ಬಡಿದುಕೊಂಡಿದ್ದರು ಒತ್ತು ಅಂತ! ಫೋನಿನಲ್ಲಿ ತಮ್ಮ ಹೇಳಿದ, ಅಕ್ಕಾ, ಟ್ಯಾಬ್ ಹಳೇದು, ಹೊಸದು ಅದ್ರಲ್ಲಿ ಓಡಲ್ಲ, ಹಳೇ ಆ್ಯಪ್ ಇನ್ನು ಸಿಗಲ್ಲ. ನನ್ನ ಫೋನಿಗಾದ್ರೂ ಹಾಕ್ಕೊಡೋ. ಫೋನಲ್ಲಿ ನಡೆಯಲ್ಲ, ದೊಡ್ಡ ಪರದೆ ಬೇಕು ಅದಕ್ಕೆ, ಸಂಜೆ ಬೇರೆ ತರ್ತೀನಿ. ಸಂಜೆ! ಇಲ್ಲಿ ಆಸ್ಪತ್ರೆಯ ಮಂಚದ ಮೇಲೆ ಮಗು ಮೊಣಕಾಲು ಮಡಚಿಕೊಂಡು ಕೆಂಡದಂತೆ ಸುಡುತ್ತಿದೆ, ಡಾಕ್ಟರಮ್ಮ ಮತ್ತೆ ಕೇಳುತ್ತಾರೆ, ಎಲ್ಲಿ ನೋವು ಅಂತ ಸನ್ನೇಲಾದ್ರೂ ತೋರಿಸ್ತಾಳಾಮ್ಮಾ? ಇಲ್ಲ ಮೇಡಂ, ಹೊಟ್ಟೆ ಒತ್ತಿದರೂ ಕಿರುಚಿದಳು, ಕಿವಿ ಮುಟ್ಟಿದರೂ ಕಿರುಚಿದಳು, ಯಾರು ಮುಟ್ಟಿದರೂ ಕಿರುಚುತ್ತಾಳೆ. ಹೊಟ್ಟೆಯಾದ್ರೆ ತಡ ಮಾಡೋ ಹಾಗಿಲ್ಲಮ್ಮಾ, ಸುಮ್‌ಸುಮ್ನೆ ಮತ್ತು ಬರೋ ಔಷಧಿ ಕೊಟ್ಟು ಸ್ಕ್ಯಾನ್‌ಗೆ ಹಾಕೋಕೂ ಭಯ, ಹೋದ್ಸಲ ಮತ್ತಲ್ಲೇ ಉಸಿರು ನಿಂತಿತ್ತಲ್ಲ.

ನಿಂತಿತ್ತು, ಎಷ್ಟು ಹೊತ್ತು ಅಂತ ಯಾರೂ ಹೇಳಲಿಲ್ಲ — ಟಕ್ — ತಡಿ, ಅಲ್ಲಿಗೇ ಯಾಕೆ ಒತ್ತುತ್ತಾಳೆ, ಮೂರನೇ ಸಾಲು, ಕೊನೆಯ ಮನೆ, ಅಲ್ಲಿಗೇ, ಅಯ್ಯೋ ನನ್ನ ಕಂದಾ, ಬೆಳಿಗ್ಗೆಯಿಂದ ಹೇಳುತ್ತಲೇ ಇದ್ದೀಯಲ್ಲೇ! ಚಿತ್ರ ಹೋದರೇನು, ಜಾಗ ಮಗಳಿಗೆ ಗೊತ್ತು. ಮೇಡಂ, ಒಂದ್ನಿಮಿಷ, ಹೇಳ್ತಿದಾಳೆ, ಅಲ್ಲಿರೋದು ಕಿವಿ, ಕಿವಿನೋವು ಮೇಡಂ — ಅಲ್ಲ. ಅಲ್ಲ, ಅದು ಭಾನುವಾರದವರೆಗೆ. ಭಾನುವಾರ ಏನೋ ಅಚ್ಚುಕಟ್ಟಿನ ಹುಚ್ಚು ಹತ್ತಿಕೊಂಡಿತು ಇವಳಿಗೆ, ಅಂಗಡಿಯ ದಾರದುಂಡೆ ಜೋಡಿಸಿದ ಹಾಗೆ ಚಿತ್ರಗಳನ್ನೂ ಬಣ್ಣ ನೋಡಿ ಜೋಡಿಸಿದಳು, ಹಸಿರಿನ ಜೊತೆ ಹಸಿರು, ಕೆಂಪಿನ ಜೊತೆ ಕೆಂಪು, ನೋವಿನ ಚಿತ್ರಗಳೆಲ್ಲ ಕೆಂಪು, ಎಷ್ಟು ಚೆಂದ ಅಂತ ಬೆನ್ನು ತಟ್ಟಿಕೊಂಡಳು, ಹಾಳು ಚೆಂದ! ಮಗಳು ಎರಡೇ ದಿನಕ್ಕೆ ಹೊಸ ಜಾಗ ಕಲಿತಳು. ಇವಳು ಕಲಿಯಲಿಲ್ಲ, ನೋಡುವ ಅಗತ್ಯ ಎಲ್ಲಿತ್ತು, ಹೊಲಿಯುತ್ತ ಕೇಳಿಸಿಕೊಂಡರೆ ಸಾಕಿತ್ತಲ್ಲ. ಮೂರನೇ ಸಾಲು ಕೆಂಪು, ಅದು ಸರಿ, ಕೊನೆಗೆ ಇಟ್ಟದ್ದು ಹೊಟ್ಟೆಯೋ ಕಿವಿಯೋ, ಇಟ್ಟ ಕೈ ಇದೇ, ಹೇಳೇ ಕೈಯೇ, ಹೊಟ್ಟೆಯೋ, ಹಲ್ಲೋ, ಏನಿತ್ತಮ್ಮಾ ಅಲ್ಲಿ, ಬೇಗ ಹೇಳಿ, ಡಾಕ್ಟರಮ್ಮನ ದನಿ, ಗುಬ್ಬಿ ಅಳು ನಿಲ್ಲಿಸಿ ಅಮ್ಮನ ಮುಖವನ್ನೇ ನೋಡುತ್ತಿದ್ದಾಳೆ, ಹೇಳಿಯಾಯಿತಲ್ಲ, ಇನ್ನೇನು ಅನ್ನುವ ಹಾಗೆ, ಮತ್ತೆ ಆ ಬೆರಳು, ಅಲ್ಲಿಗೇ, ಬೆಳೆದ ಉಗುರು, ಬೂದು ಗಾಜು, ಬೆರಳು