ಎರಡೇ ಸೀಟು

ಹಿಂದೆ ಸೀಟೇ ಇಲ್ಲದ್ದನ್ನು ಗಾಡಿ ಅಂತ ಯಾರು ಒಪ್ಪುತ್ತಾರೆ, ಒಪ್ಪದಿದ್ದರೇನು, ದಿನದ ಓಡಾಟಕ್ಕೆ ಬೊಲೆರೊ ಇದೆಯಲ್ಲ, ಇದು ಭಾನುವಾರಕ್ಕೆ ಮಾತ್ರ, ಭಾನುವಾರಕ್ಕೆಂದೇ ಒಂದು ಕೆಂಪು ಗಾಡಿ ಇಟ್ಟವನಿಗೆ ರಾಯದುರ್ಗದಲ್ಲಿ ಏನನ್ನುತ್ತಾರೆ, ಕೊಬ್ಬು ಅನ್ನುತ್ತಾರೆ, ಅನ್ನಲಿ — ಕಲ್ಲೇಶ ಸ್ಟೇರಿಂಗಿನ ಮೇಲೆ ಎರಡೂ ಕೈ ಇಟ್ಟುಕೊಂಡು ಕೂತಿದ್ದ. ನೆಲಕ್ಕೆ ಇಷ್ಟು ಹತ್ತಿರ ಅವನು ಕೂತದ್ದು ಮಠದ ಪಂಕ್ತಿಯಲ್ಲಿ ಮಾತ್ರ. ಗಾಜಿನ ಹೊರಗೆ ಅವನದೇ ಜೀನ್ಸ್ ಹೊಲಿಗೆಯ ಶೆಡ್ಡು, ಬೇವಿನ ನೆರಳು, ಆ ನೆರಳಿಗೆ ಬಳ್ಳಾರಿಯಿಂದ ಶಿವಶಂಕರ್ ತಂದು ನಿಲ್ಲಿಸಿದ ಎರಡು ಸೆಕೆಂಡ್ ಹ್ಯಾಂಡ್ ಗಾಡಿಗಳು, ತಾನು ಕೂತಿರುವ ಈ ಕೆಂಪು, ಆಚೆ ನೀಲಿ. ಎರಡೂ ಕುದುರಿ ಓಡಿದಂಗ ಓಡ್ತಾವಣ್ಣ, ಶಿವಶಂಕರ್ ಬಗ್ಗಿ ಹೇಳುತ್ತಿದ್ದಾನೆ, ನೀಲಿದ್ರಾಗ ಹಿಂದ ಇನ್ನಿಬ್ರು ಮುದುರಿಕೊಂಡು ಕುಂದರಬೌದು, ಇದ್ರಾಗ ನೀವು, ಅಕ್ಕಾರು, ಅಷ್ಟ. ಶಿವಶಂಕರನ ಬೆನ್ನ ಹಿಂದೆ ಕಲ್ಲೇಶನ ಹೆಂಡತಿ ಸುಮಾ, ನೀಲಿದ ತಗೊಳ್ರಿ, ದಾರ್‍ಯಾಗ ಯಾರಾದ್ರೂ ಕೈ ಮಾಡಿದ್ರ ಎಲ್ಲಿ ಕುಂದರಸ್ತೀರಿ.

ಕೈ ಮಾಡಿದರೆ. ಅಪ್ಪ ಸಿದ್ದಬಸಪ್ಪನ ಜೀಪು ಕೈ ಮಾಡಿದವರನ್ನು ಬಿಟ್ಟು ಹೋದದ್ದೇ ಇಲ್ಲ, ಖಾಲಿ ಗಾಡಿ ಓಡಸಬಾರದಲೇ, ಅದು ಹೆಣ ಇಳಿಸಿ ಬಂದ ಗಾಡಿ ಇದ್ದಂಗ ಅನ್ನುತ್ತಿದ್ದ, ಅಪ್ಪ ಹೋದ ಮೇಲೆ ಜೀಪು ಹೋಯಿತು, ಬೊಲೆರೊ ಬಂತು, ಮಾತು ಮಾತ್ರ ಉಳಿಯಿತು, ಹದಿನೆಂಟು ವರ್ಷದಿಂದ ಬರ್ರಿ, ಹತ್ರಿ, ಸರಕೊಳ್ರಿ, ಹಿಂದಿನ ಸೀಟಿನಲ್ಲಿ ಶೇಂಗಾ ಚೀಲ, ಕಾಲು ಕಟ್ಟಿದ ಕೋಳಿ, ಬಾಣಂತಿ, ಓಬಳಾಪುರದ ಗಣಿ ಕಡೆಯಿಂದ ಮೈಯೆಲ್ಲ ಕೆಂಧೂಳಾಗಿ ಹತ್ತಿದವರು, ಅವರು ಇಳಿದ ಮೇಲೂ ಸೀಟಿನಲ್ಲಿ ಕೂತೇ ಇರುವ ಅವರ ಬೆವರಿನ ವಾಸನೆ, ಸಿದ್ದಬಸಪ್ಪನ ಮಗ ಅಲ್ಲೇನು, ಅಪ್ಪನ ಗುಣ ಬಂದೈತಿ ನೋಡು ಅನ್ನುವ ಹೊಗಳಿಕೆ, ಆ ಹೊಗಳಿಕೆ ಕೇಳಿದಾಗಲೆಲ್ಲ ಅವನ ಹಲ್ಲು ಒಳಗೊಳಗೇ ಒಂದನ್ನೊಂದು ಕಚ್ಚುತ್ತಿದ್ದವು, ಯಾರಿಗೂ ಗೊತ್ತಿಲ್ಲ. ಸುಮಾಗೂ ಗೊತ್ತಿಲ್ಲ. ಅವಳಿಗೆ ಹೇಳಿದ್ದು ವೇಗದ ಆಸೆ ಅಂತ, ಕಾಲೇಜಿನಿಂದಲೂ ಗೋಡೆಗೆ ಇಂಥ ಗಾಡಿಯ ಚಿತ್ರ ಅಂಟಿಸಿಕೊಂಡಿದ್ದೆ ಅಂತ, ಅದೂ ಸುಳ್ಳಲ್ಲ. ಆದರೆ ಎರಡೇ ಸೀಟಿದ್ದರೆ ಜಾಗ ಇಲ್ಲ ಎಂದು ಬಾಯಿ ಬಿಟ್ಟು ಹೇಳಬೇಕಿಲ್ಲ, ಗಾಡಿಯೇ ಹೇಳುತ್ತದೆ — ಇದು, ಇದೊಂದೇ ನಿಜ, ಇದನ್ನು ಕನ್ನಡಿಯ ಮುಂದೆ ನಿಂತೂ ಅವನು ಹೇಳಿಕೊಂಡಿಲ್ಲ.

ಕನ್ನಡಿ. ಇದರದು ಅಂಗೈಯಷ್ಟೇ ಇದೆ. ಹಿಂದ ಏನೂ ಜಾಸ್ತಿ ಕಾಣಲ್ಲಣ್ಣ, ಶಿವಶಂಕರ್ ನಗುತ್ತಾನೆ, ಈ ಗಾಡಿ ಇಟ್ಟೋರು ಹಿಂದ ನೋಡಲ್ಲ. ಬೊಲೆರೊದ ಕನ್ನಡಿ ದೊಡ್ಡದು, ಅದರಲ್ಲಿ ಎಲ್ಲ ಕಾಣುತ್ತದೆ, ಅವತ್ತೂ ಕಂಡಿತು, ಹೋದ ಏಪ್ರಿಲ್, ಗುಮ್ಮಗಟ್ಟ ದಾಟಿ ಭೈರವಾನಿತಿಪ್ಪದ ಕಡೆ ಹೋಗುವ ರಸ್ತೆ, ಮಧ್ಯಾಹ್ನ, ಡಾಂಬರು ನೀರಿನ ಹಾಗೆ ಅಲುಗುತ್ತಿತ್ತು, ಡ್ಯಾಮಿನ ಕಟ್ಟೆಯ ಮೇಲೆ ಒಬ್ಬನೇ ಒಂದು ಗಂಟೆ ಕೂತು ಬರೋಣ ಅಂತ ಹೊರಟಿದ್ದ, ಮುಂದೆ ರಸ್ತೆ ಬದಿಯಲ್ಲಿ ಒಂದು ಕೈ ಎದ್ದಿತು, ಕೈಯಲ್ಲಿ ಎಲೆಯ ಪೊಟ್ಟಣ, ಹಂಪಕ್ಕ. ಶೆಡ್ಡಿನಲ್ಲಿ ಹೊಲಿದ ಪ್ಯಾಂಟಿನ ದಾರ ಕತ್ತರಿಸುವ ಹಂಪಕ್ಕ, ಅಪ್ಪನ ಕಾಲದಿಂದ ಇರುವವಳು, ಚಿಕ್ಕಂದಿನಲ್ಲಿ ಅವನ ಮೂಗು ಒರೆಸಿದವಳು. ಹತ್ತಿದರೆ ಮಾತು, ಅವಳ ಮಂಡಿ ನೋವು, ಸೊಸೆ, ಅಪ್ಪನ ಗುಣ. ಒಂದು ಗಂಟೆ, ಬರೀ ಒಂದು ಗಂಟೆ ಯಾರೂ ಬೇಡವಾಗಿತ್ತು. ಕೈ ತಾನಾಗಿ ಫೋನ್ ತೆಗೆಯಿತು, ಕಿವಿಗೆ ಇಟ್ಟಿತು, ಆ ಕಡೆ ಯಾರೂ ಇರಲಿಲ್ಲ, ಹಾಂ ಹಾಂ ಎಂದು ಯಾರೂ ಇಲ್ಲದ ಫೋನಿಗೆ ತಲೆ ಆಡಿಸುತ್ತ ಅವಳನ್ನು ದಾಟಿದ. ಕನ್ನಡಿಯಲ್ಲಿ ಕೈ ಇನ್ನೂ ಎದ್ದೇ ಇತ್ತು. ಸಣ್ಣದಾಯಿತು, ಇಳಿಯಲಿಲ್ಲ.

ಪೊಟ್ಟಣದಲ್ಲಿದ್ದದ್ದು ಹೂವು, ಅಕ್ಕನ ಮಣ್ಣಿಗೆ ಹೊರಟಿದ್ದಳು, ಭೈರವಾನಿತಿಪ್ಪದಲ್ಲಿ ಅವಳ ಅಕ್ಕ ಪುಟ್ಟಕ್ಕ ಅವತ್ತು ಬೆಳಿಗ್ಗೆ ತೀರಿಕೊಂಡಿದ್ದಳು, ಬಸ್ಸು ತಪ್ಪಿತ್ತು, ಅದೆಲ್ಲ ಅವನಿಗೆ ತಿಳಿದದ್ದು ಮೂರು ದಿನ ಬಿಟ್ಟು, ಅವಳು ಕೆಲಸಕ್ಕೆ ಬಂದಾಗ. ನಡಕೊಂಡ ಹೋದೆಪ್ಪ, ಹೋಗೋದ್ರಾಗ ಗುಂಡಿ ಮುಚ್ಚಿ ಮ್ಯಾಲೆ ನೀರು ಚಿಮುಕಿಸಿದ್ರು, ಒಂದು ಹಿಡಿ ಮಣ್ಣು ಹಾಕೋದು ನನ್ನ ಹಣೇಲಿ ಬರದಿಲ್ಲ. ಮಷಿನ್ನಿನ ಮುಂದಿನಿಂದ ಹೊಲಿಯುವ ಹುಡುಗ ಅಂಜಿನಿ ಕೇಳಿದ, ಅದೇ ದಾರ್‍ಯಾಗ ಸಾವ್ಕಾರ್ರ ಗಾಡಿ ಹೋತು ಅಂದ್ಯಲ್ಲವ್ವ, ನಿಲ್ಲಸ್ಲಿಲ್ಲೇನು. ಅದಕ್ಕೆ ಹಂಪಕ್ಕ ಕತ್ತರಿ ಕೆಳಗಿಟ್ಟು ಅವನ ಮೇಲೆ ಹರಿಹಾಯ್ದಳು, ಸುಮ್ನಿರಲೇ ಬಾಯಿ ಬಡುಕ, ಫೋನಿನ್ಯಾಗ ಇದ್ದ ನನ್ನಪ್ಪ, ನೋಡಿದ್ರ ಬಿಟ್ಟು ಹೋಗಾನೇನು, ಸಿದ್ದಬಸಪ್ಪನ ಹೊಟ್ಟ್ಯಾಗ ಹುಟ್ಟಿದಾನ. ಇಡೀ ಶೆಡ್ಡು ಕೇಳಿತು. ಕಲ್ಲೇಶ ಬಾಗಿಲಲ್ಲಿ ನಿಂತಿದ್ದ, ಹೌದವ್ವ, ಫೋನಿನ್ಯಾಗಿದ್ದೆ ಅಂದ. ಅಷ್ಟು ಸುಲಭವಾಗಿ ಬಂತು ಆ ಮಾತು, ನಾಲಿಗೆಯ ಮೇಲೆ ಕೂತು ಕಾಯುತ್ತಿದ್ದ ಹಾಗೆ, ಆಮೇಲೆ ಅವಳ ಅಕ್ಕನ ತಿಥಿಗೆ ಅಕ್ಕಿ ಕಳಿಸಿದ, ಅವಳು ಕೈ ಮುಗಿದಳು, ಮುಗಿದ ಕೈಯನ್ನು ನೋಡಲಾಗದೆ ಗೋಡೆಯ ಗಡಿಯಾರ ನೋಡಿದ. ಆ ರಾತ್ರಿಯೇ ಅಲ್ಲವೇ ಮೊದಲ ಸಲ ಫೋನಿನಲ್ಲಿ ಎರಡು ಸೀಟಿನ ಗಾಡಿಗಳನ್ನು ಹುಡುಕಿದ್ದು.

ಯಾವ್ದಣ್ಣ, ಶಿವಶಂಕರ್ ಕೇಳುತ್ತಿದ್ದಾನೆ. ಸುಮಾ ಶೆಡ್ಡಿನ ಕಡೆ ತಿರುಗಿ ಕರೆಯುತ್ತಿದ್ದಾಳೆ, ಹಂಪಕ್ಕ, ಬಾರವ್ವ, ದೃಷ್ಟಿ ತೆಗಿ, ಮಂದಿ ಕಣ್ಣು ಆಗ್ಲೇ ಬಿದ್ದೈತಿ, ಹಂಪಕ್ಕ ಮಂಡಿ ಹಿಡಿದುಕೊಂಡು ಬರುತ್ತಾಳೆ, ಕೊರಳಲ್ಲಿ ದಾರಕ್ಕೆ ಕಟ್ಟಿದ ಕತ್ತರಿ ತೂಗುತ್ತಿದೆ, ಮುಷ್ಟಿಯಲ್ಲಿ ಉಪ್ಪು ಮೆಣಸಿನಕಾಯಿ, ಗಾಜಿಗೆ ಮುಖ ತಂದು ಒಳಗೆ ಇಣುಕುತ್ತಾಳೆ, ಅಯ್ಯ, ಎರಡ ಸೀಟೇನಪ್ಪ. ಹೌದವ್ವ. ಛಲೋ ಆತು ಬಿಡು, ನಿಮ್ಮಪ್ಪಂಗೂ ಸಾಕಾಗಿತ್ತು ಆ ಕೈ ಮಾಡೋರ ಕಾಟ, ಬಾಯಿ ಬಿಟ್ಟು ಹೇಳ್ತಿದ್ದಿಲ್ಲ, ಒಂದೊಂದ್ಸಲ ನನ್ನ ಮುಂದ ಅಂತಿದ್ದ. ಅವಳು ನಕ್ಕಳು. ಆ ನಗುವಿನಲ್ಲಿ ಏನಿದೆ, ಏನೂ ಇಲ್ಲವೇ, ಗೊತ್ತಿದ್ದೂ ಅಂದಳೇ, ಗೊತ್ತಿದ್ದರೆ ಅವತ್ತು ಅಂಜಿನಿಯನ್ನು ಯಾಕೆ ಬೈದಳು, ಈಗ ಹೇಳಿದರೆ, ಗಾಜು ಇಳಿಸಿ ಈಗಲೇ, ಪಕ್ಕದ ಸೀಟು ಖಾಲಿ ಇದೆ, ಹತ್ತವ್ವ ತಿಪ್ಪಕ್ಕೆ ಹೋಗಿ ಬರೋಣ, ಪುಟ್ಟಕ್ಕನ ಗುಂಡಿಯ ಹತ್ತಿರ ಹೋಗೋಣ ಅಂದರೆ, ದಾರಿಯಲ್ಲಿ ಹೇಳಿದರೆ — ಗಾಜು ಇಳಿಸುವ ಗುಂಡಿ ಎಲ್ಲಿದೆಯೋ, ಬೆರಳು ತಡಕಾಡಿತು, ಸಿಕ್ಕಿತು, ಗಾಜು ಇಳಿಯಿತು, ಬಿಸಿಲು ಒಳಗೆ ಬಂತು, ಎಲ್ಲರೂ ಅವನ ಬಾಯಿ ನೋಡುತ್ತಿದ್ದರು.

ಕೆಂಪದ ಇರ್ಲಿ, ಅಂದ ಕಲ್ಲೇಶ.

ಸುಮಾ ಮುಖ ತಿರುಗಿಸಿದಳು. ಶಿವಶಂಕರ್ ಚಪ್ಪಾಳೆ ತಟ್ಟಿದ. ಹಂಪಕ್ಕ ಗಾಡಿಯ ಹಿಂದಕ್ಕೆ ಹೋದಳು, ಅಂಗೈಯಷ್ಟು ಕನ್ನಡಿಯಲ್ಲಿ ಅವಳ ಮುಖ ಹಿಡಿಯಲಿಲ್ಲ, ಶೆಡ್ಡು ಹಿಡಿಯಲಿಲ್ಲ, ಬೇವು ಹಿಡಿಯಲಿಲ್ಲ, ದೃಷ್ಟಿ ತೆಗೆಯಲು ಎತ್ತಿದ ಕೈ ಮಾತ್ರ, ಮುಷ್ಟಿ ಕಟ್ಟಿದ ಕೈ, ಅದೇ ಕೈ, ಎದ್ದೇ ಇತ್ತು. ಅವಳನ್ನು ಅವತ್ತು ತಾನು ನೋಡಿದ್ದೆ ಎಂದು ಅವನು ಹೇಳಲೇ ಇಲ್ಲ.